ಹರಿದು ಹಾಕಿದ ಕಾಗದದ ತಾರೀಖು ಹುಡುಕಿ ಮೈಸೂರಿಗೆ

ಸತ್ತವರ ಹಬ್ಬ ಕಳೆದ ಮರುವಾರ, ಒಂದು ಮಂಗಳವಾರ, ಬೆಳಗಿನ ಗಾಡಿಯಲ್ಲಿ ಬೆಂಗಳೂರಿನಿಂದ ಹೊರಟೆ. ಹಿಂದಿನ ದಿನದಿಂದಲೂ ಜಡಿಮಳೆ ಬಿಟ್ಟಿರಲಿಲ್ಲ. ಯಜಮಾನರು ನನ್ನನ್ನು ಹೆಂಗಸರ ಡಬ್ಬಿಯಲ್ಲಿ ಕೂರಿಸಿ, ಹಾಸಿಗೆಯ ಸುರುಳಿಯನ್ನು ಕಾಲ ಬಳಿ ಒತ್ತಿ, “ಸಿಕ್ಕದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹನ್ನೆರಡು ವರ್ಷದ ಹಿಂದಿನ ಮಾತು” ಎಂದರು. ಅವರ ಕೊಡೆಯಿಂದ ಇಳಿದ ನೀರು ನನ್ನ ಸೆರಗಿನ ಮೇಲೆಲ್ಲ ಆಗಿತ್ತು. ಗಾಡಿ ಹೊರಟ ಮೇಲೂ ಅದನ್ನು ಹಿಂಡುತ್ತಲೇ ಕೂತಿದ್ದೆ.

ಮಡಿಲಲ್ಲಿ ಮೇಣಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಕಟ್ಟಿತ್ತು. ಅದರೊಳಗೆ ನನ್ನ ಅಣ್ಣ ಅಂತೋಣಿ ಯುದ್ಧದಿಂದ ಬರೆದ ನಾಲ್ಕು ಕಾಗದಗಳು. ಅಮ್ಮ ಅವನ್ನು ಕೊಡುವಾಗ ಎರಡು ಸಲ ಎಣಿಸಿ, “ನಾಲ್ಕು ಹೋಗ್ತಿದೆ, ನಾಲ್ಕೂ ಬರಬೇಕು” ಎಂದಿದ್ದಳು.

ಅಣ್ಣ ಕುದುರೆಗೆ ಲಾಳ ಹೊಡೆಯುವ ಕೆಲಸ ಕಲಿತು, ಮಹಾರಾಜರ ಕುದುರೆ ಪಡೆಗೆ ಸೇರಿ, ಪಡೆಯ ಜೊತೆ ಹಡಗು ಹತ್ತಿ ಈಜಿಪ್ಟಿಗೆ ಹೋದ. ಅಲ್ಲಿಂದ ಮುಂದಕ್ಕೆ, ಯೇಸುಸ್ವಾಮಿ ನಡೆದಾಡಿದ ಸೀಮೆಗೆ. ಅವನು ತೀರಿಕೊಂಡ ಸುದ್ದಿ ಪಡೆಯ ಕಚೇರಿಯಿಂದ ಇಂಗ್ಲಿಷಿನಲ್ಲಿ ಬಂದಾಗ ನನಗೆ ಮದುವೆಯಾಗಿ ಎರಡು ತಿಂಗಳು, ಗಂಡನ ಮನೆಯಲ್ಲಿದ್ದೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಪಕ್ಕದ ಮನೆಯ ಮೇಷ್ಟ್ರನ್ನು ಕರೆದರು. ಅವರು ಜಗಲಿಯ ಮೇಲೆ ನಿಂತೇ ಓದಿ, ಅರ್ಥ ಹೇಳಿ, ಕಾಗದವನ್ನು ಚೂರು ಚೂರು ಮಾಡಿ ಬೀದಿಯ ಚರಂಡಿಗೆ ಎಸೆದು, ಸ್ನಾನಕ್ಕೆ ಹೊರಟುಹೋದರು. ಸಾವಿನ ಕಾಗದ ಮನೆಯೊಳಗೆ ಇರಕೂಡದು ಎಂಬುದು ಅವರ ಮನೆಗಳ ಪದ್ಧತಿ. ನಮ್ಮ ಮನೆಗೂ ಕೆಡುಕಾಗದಿರಲಿ ಎಂದು ಮಾಡಿದರು. ಅಮ್ಮ ಆ ಹೊತ್ತಿಗೆ ಪ್ರಜ್ಞೆ ತಪ್ಪಿದ್ದಳು. ತಾರೀಖು ಯಾರ ಕಿವಿಗೂ ಬಿದ್ದಿರಲಿಲ್ಲ. ಆಮೇಲೆ ಕೇಳಿದರೆ ಮೇಷ್ಟ್ರು, “ಕ್ರಿಸ್‌ಮಸ್ ಆದ ಮೇಲೆ ಯಾವಾಗಲೋ ಇರಬೇಕು” ಎಂದರು. ಸಾಯುವವರೆಗೂ ಆ ಸಾಧು ಮನುಷ್ಯರು ಅಮ್ಮನನ್ನು ಕಂಡರೆ ಬೀದಿಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ಅಪ್ಪ ಕಚೇರಿಗೆ ಮೂರು ಅರ್ಜಿ ಬರೆಸಿದರು. ಕೇಳಿದ ದಾಖಲೆ ಇಲ್ಲಿಲ್ಲ ಎಂಬ ಒಂದು ಉತ್ತರ ಬಂತು.

ಹೀಗಾಗಿ ಸತ್ತ ದಿನಕ್ಕೆ ಚರ್ಚಿನಲ್ಲಿ ಮಾಡಿಸುವ ವರ್ಷದ ಪೂಜೆ ಅಣ್ಣನಿಗೆ ಎಂದೂ ಆಗಲಿಲ್ಲ. ಸತ್ತವರ ಹಬ್ಬದ ದಿನ ಊರಿನ ಎಲ್ಲ ಆತ್ಮಗಳ ಜೊತೆ ಅವನಿಗೂ ಪ್ರಾರ್ಥನೆ. ಈಗ ಅಮ್ಮ ನನ್ನ ಮನೆಯಲ್ಲಿದ್ದಾಳೆ. ಕಾಲು ಊದಿದೆ, ಮೆಟ್ಟಿಲು ಇಳಿಯಲಾರಳು. ಈ ಸಲ ಹಬ್ಬದ ದಿನ, “ಎಲ್ಲರ ಜೊತೆ ಪಾಲು ಹಾಕಿದ್ದು ಸಾಕು ಕಣೇ. ಅವನಿಗೆ ಅಂತ ಒಂದು ದಿನ ಬೇಕು. ನಾನಿರೋವಾಗ ಒಂದು ಸಲ” ಎಂದಳು. ಮೈಸೂರಿನಲ್ಲಿ ಸೀತಾರಾಮಯ್ಯನವರೆಂಬ ಅರಮನೆಯ ನಿವೃತ್ತ ಅಧಿಕಾರಿ ಯುದ್ಧಕ್ಕೆ ಹೋದವರ ಕಾಗದಪತ್ರಗಳನ್ನು ಕೂಡಿಡುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಕಾರ್ಡು ಬರೆದೆ. “ಬನ್ನಿ. ನಿಮ್ಮ ಹತ್ತಿರ ಇರುವ ಕಾಗದಗಳನ್ನು ಮರೆಯದೆ ತನ್ನಿ” ಎಂದು ಉತ್ತರ ಬಂತು.

ಮೈಸೂರಿಗೆ ಎಂಬತ್ತಾರು ಮೈಲಿ. ಗಾಡಿ ಎಲ್ಲ ಕಡೆಯೂ ನಿಂತು ನಿಂತು ಹೋಯಿತು. ಚನ್ನಪಟ್ಟಣದಲ್ಲಿ ಹತ್ತಿದ ಒಬ್ಬ ಮುದುಕಿ ಎಲೆಅಡಿಕೆಯ ಚೀಲ ಬಿಚ್ಚಿ ನನ್ನ ಎದುರು ಕೂತಳು.

“ಎಲ್ಲೀಗವ್ವಾ?”

“ಮೈಸೂರಿಗೆ.”

“ದಸರಾ ಮುಗುದ್‌ಮ್ಯಾಕೆ ಮೈಸೂರ್ಗೆ ಯಾರ್ ಓಯ್ತಾರೆ? ಏನ್ ಕೆಲ್ಸ?”

“ಒಂದು ಕಾಗದ ನೋಡಬೇಕಾಗಿದೆ.”

ಮುದುಕಿ ಸುಣ್ಣದ ಬೆರಳನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. “ಕಾಗ್ದ ಜನರ ತಾವ್ಕೆ ಬರೋದ್ ಕಂಡಿವ್ನಿ. ಜನ ಕಾಗ್ದದ ತಾವ್ಕೆ ಓಗೋದ್ನ ಇವತ್ತೇ ಕಂಡಿದ್ದು ಕಣವ್ವ” ಎಂದು ನಕ್ಕಳು. ನನಗೂ ನಗು ಬಂತು. ಆ ಪ್ರಯಾಣದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ ಎಂದು ಕಾಣುತ್ತದೆ. ಮದ್ದೂರಿನಲ್ಲಿ ಕಾಫಿ ತೆಗೆದುಕೊಂಡೆ. ಅದರಲ್ಲಿ ಹೊಗೆಯ ವಾಸನೆ. ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಕಾವೇರಿ ಕೆಸರುಬಣ್ಣಕ್ಕೆ ತಿರುಗಿ ತುಂಬಿ ಹರಿಯುತ್ತಿದ್ದಳು.

ಮೈಸೂರಿನಲ್ಲಿ ಇಳಿದಾಗ ಅಲ್ಲಿಯೂ ಮಳೆ. ಜಟಕಾದವನು ಲಷ್ಕರ್ ಮೊಹಲ್ಲಾಕ್ಕೆ ನಾಲ್ಕಾಣೆ ಕೇಳಿದ. ಮಳೆ ನೋಡಿ ಒಪ್ಪಿಕೊಂಡೆ. ದಸರೆಗೆ ಕಟ್ಟಿದ್ದ ಕಮಾನುಗಳ ಬೊಂಬುಗಳನ್ನು ಬೀದಿಯ ಪಕ್ಕದಲ್ಲಿ ಒಟ್ಟಿದ್ದರು. ಬಣ್ಣದ ಕಾಗದ ನೆನೆದು, ನೀಲಿ ಕೆಂಪು ನೀರಾಗಿ ಮೋರಿಗೆ ಇಳಿಯುತ್ತಿತ್ತು. ನಾನು ಉಳಿದುಕೊಂಡದ್ದು ಯಜಮಾನರ ಸೋದರತ್ತೆ ಅನ್ನಮ್ಮನವರ ಮನೆಯಲ್ಲಿ. ಅವರು ಬಿಸಿನೀರು ಕೊಟ್ಟು, ಒಣಸೀರೆ ಕೊಟ್ಟು, “ಬ್ರಾಹ್ಮಣರ ಮನೆಗೆ ಹೋಗ್ತೀಯ, ಮೀನು ತಿಂದು ಹೋಗ್ಬೇಡ ಮಾರಾಯ್ತಿ” ಎಂದು ಬರೀ ಸಾರು ಅನ್ನ ಬಡಿಸಿದರು.

ಬುಧವಾರ ಬೆಳಿಗ್ಗೆ ಕೃಷ್ಣಮೂರ್ತಿಪುರಂನಲ್ಲಿ ಸೀತಾರಾಮಯ್ಯನವರ ಮನೆ ಹುಡುಕಿದೆ. ಎಪ್ಪತ್ತರ ಹತ್ತಿರದ ಸಣ್ಣ ದೇಹದ ಮನುಷ್ಯರು. ಕಿವಿಯಲ್ಲಿ ಹತ್ತಿಯ ಉಂಡೆ, ಹೆಗಲ ಮೇಲೆ ಶಾಲು. ಪಡಸಾಲೆಯ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಒಂದೊಂದು ಮನೆಗೆ ಒಂದೊಂದು ಗಂಟು. ಹುಳ ಬಾರದಂತೆ ಬೇವಿನ ಸೊಪ್ಪು ಸೇರಿಸಿದ್ದರಿಂದ ಕೋಣೆಯೆಲ್ಲ ಕಹಿ ವಾಸನೆ.

ಒಂದು ಗಂಟು ಬಿಚ್ಚಿ ತೋರಿಸಿದರು. ಯುದ್ಧದ ಕಾಗದಗಳ ನಡುವೆ ಅಗಸನ ಚೀಟಿ, ಔಷಧದ ಚೀಟಿ, ಒಂದು ಕೂಸಿನ ಜಾತಕ, ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ.

“ಇವೆಲ್ಲ ಯಾಕೆ ಸ್ವಾಮೀ?” ಎಂದು ಕೇಳಿದೆ.

“ಅಲ್ಲಿಂದ ಬಂದ ಕಾಗದ ಮಾತ್ರ ಇಟ್ಟರೆ, ಅವನು ಯಾರಿಗೆ ಬರೆದ ಅಂತ ತಿಳಿಯೋದು ಹೇಗೆ ತಾಯಿ? ಹುಣಸೇಹಣ್ಣು ಅರ್ಧ ವೀಸೆ ಅಂತ ಬರೆದವಳಿಗೇ ಅವನು ಬರೆದದ್ದು.”

ನಾನು ಬಂದ ಕಾರಣ ಹೇಳಿದೆ. ಮೇಷ್ಟ್ರು ಕಾಗದ ಹರಿದದ್ದನ್ನು ಹೇಳುವಾಗ ಅವರು ತಲೆ ತಗ್ಗಿಸಿದರು.

“ಇಲ್ಲಿ ನೀವು ಕೇಳೋ ಅಂಥ ಕಾಗದ ಒಂದೂ ಇಲ್ಲ. ಮನೆ ಮನೆ ತಿರುಗಿದೆ. ಕ್ಷೇಮದ ಕಾಗದ ಎಲ್ಲರೂ ಕೊಟ್ಟರು. ಸಾವಿನ ಕಾಗದ ಎಲ್ಲರೂ ಹರಿದಿದ್ದಾರೆ. ನಾನೂ ಹರಿದಿದ್ದೇನೆ, ನನ್ನ ತಮ್ಮನದು. ಹರಿದ ಮೇಲೆ ಈ ಗಂಟುಗಳನ್ನು ಕಟ್ಟೋಕೆ ಶುರು ಮಾಡಿದೆ.” ಕೈ ಚಾಚಿ, “ಅದಕ್ಕೇ ನಿಮ್ಮ ಕಾಗದ ತನ್ನಿ ಅಂದದ್ದು. ಅವರ ಜೊತೆ ಯಾರಿದ್ದರು ನೋಡೋಣ” ಎಂದರು.

ಅಣ್ಣನ ನಾಲ್ಕು ಕಾಗದಗಳನ್ನು ಅವರು ಬೆರಳಿಟ್ಟು ಓದಿದರು. ಮೂರನೆಯದರಲ್ಲಿ ನಿಂತರು. “ನಮ್ಮ ಡೇರೆಯಲ್ಲಿ ಕಡಕೊಳದ ಜವರ ಎಂಬುವನಿದ್ದಾನೆ. ನಾನು ಹಾಡಿದರೆ ಕುದುರೆ ಹೆದರುತ್ತದೆ ಎನ್ನುತ್ತಾನೆ” ಎಂದು ಅಣ್ಣ ಬರೆದಿದ್ದ ಸಾಲು. ಅದನ್ನು ನಾನು ಎಷ್ಟೋ ಸಲ ಓದಿ ನಕ್ಕಿದ್ದೆ. ಜವರ ಬದುಕಿರುವ ಮನುಷ್ಯನೆಂದು ಒಮ್ಮೆಯೂ ತೋಚಿರಲಿಲ್ಲ. ಸೀತಾರಾಮಯ್ಯನವರು ಏಣಿ ಹತ್ತಿ ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿದರು. ಅದರಲ್ಲಿ ಜವರಯ್ಯ ತನ್ನ ತಾಯಿಗೆ ಬರೆದ ಒಂಬತ್ತು ಕಾಗದಗಳಿದ್ದವು. ಏಳನೆಯದು ಹೀಗಿತ್ತು:

“ಅವ್ವನ ಪಾದಕ್ಕೆ ಜವರ ಮಾಡುವ ನಮಸ್ಕಾರ. ನಾನು ಕ್ಷೇಮ. ಮೆಣಸಿನಪುಡಿ ಬಂತು, ಡಬ್ಬಿ ಜಖಂ ಆಗಿತ್ತು. ಇಲ್ಲಿ ಚಳಿ ಬಹಳ. ಇವತ್ತು ಸಂಕ್ರಾಂತಿ ಎಂದು ಎಲ್ಲರಿಗೂ ಒಂದೊಂದು ಉಂಡೆ ಬೆಲ್ಲ ಕೊಟ್ಟರು. ಕೆಂಪು ಕುದುರೆಯ ಕಾಲು ವಾಸಿ. ಲಾಳದ ಅಂತೋಣಪ್ಪ ಇವತ್ತು ಬೆಳಿಗ್ಗೆ ಜ್ವರದಲ್ಲಿ ಹೋದ. ಅವನ ಬೆಲ್ಲ ನನಗೇ ಕೊಟ್ಟರು. ತಂಗಿಗೆ ರವಿಕೆ ಬಟ್ಟೆ ಕಳಿಸುತ್ತೇನೆ.”

“ಸಾವು ಕ್ಷೇಮದ ಕಾಗದದ ಮಧ್ಯದಲ್ಲಿ ಬಂದಿದೆ. ಅವರ ಮನೆಯವರದ್ದೂ ಅಲ್ಲ. ಅದಕ್ಕೇ ಉಳಿದಿದೆ” ಎಂದರು ಸೀತಾರಾಮಯ್ಯನವರು. ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿ, ಒಂದನ್ನು ತೆಗೆದು, ಹಾಳೆ ತಿರುವಿದರು. “ಪಿಂಗಳ ಸಂವತ್ಸರ. ಪುಷ್ಯ ಮಾಸ. ಸಂಕ್ರಾಂತಿ ಸೋಮವಾರ. ಇಂಗ್ಲಿಷ್ ತಾರೀಖು ಬರೆದುಕೊಡ್ತೇನೆ, ಇರಿ.”

ಬರೆದುಕೊಡುವ ಅಗತ್ಯವಿರಲಿಲ್ಲ. ಕ್ರಿಸ್‌ಮಸ್ಸಿನ ಮುಂಚಿನ ವಾರಗಳಲ್ಲಿ ನಮ್ಮಲ್ಲಿ ಮದುವೆಯಿಲ್ಲ, ಈಸ್ಟರಿನ ಮುಂಚಿನ ತಪಸ್ಸುಕಾಲದಲ್ಲೂ ಇಲ್ಲ. ಜನವರಿಯ ಮೂರು ರಾಜರ ಹಬ್ಬ ಕಳೆದ ಆ ಕೆಲವೇ ವಾರಗಳಲ್ಲಿ ಹೆಚ್ಚಿನ ಮದುವೆಗಳು ಆಗುತ್ತವೆ. ನನ್ನದು ಆ ವರ್ಷದ ಸಂಕ್ರಾಂತಿಯ ಸೋಮವಾರ ಆಯಿತು. ಮೇಷ್ಟ್ರ ಹೆಂಡತಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಚಪ್ಪರದೊಳಗೆ ಬಂದು, “ಎಂಥ ಒಳ್ಳೆ ದಿನ ಹಿಡಿದಿದ್ದೀರಿ!” ಎಂದು ಅಮ್ಮನಿಗೆ ಹೇಳಿದ್ದರು.

“ಯಾಕೆ ತಾಯಿ, ತಲೆ ಸುತ್ತುತ್ತಾ?”

“ಇಲ್ಲ ಸ್ವಾಮೀ. ಅವತ್ತು ನನ್ನ ಮದುವೆ.”

ಅವರು ಲೇಖನಿ ಕೆಳಗಿಟ್ಟು, ಒಳಗೆ ಕೂಗಿ ಕಾಫಿ ತರಿಸಿದರು. ನಾನು ಕುಡಿದು ಮುಗಿಸುವವರೆಗೂ ನನ್ನ ಕಡೆ ನೋಡದೆ ಗಂಟಿನ ದಾರಗಳನ್ನು ಸರಿಮಾಡುತ್ತ ಕೂತಿದ್ದರು. ಆಮೇಲೆ ಅಣ್ಣನ ಕಾಗದಗಳನ್ನು ತಮ್ಮ ಕೈಯಲ್ಲೇ ನಕಲು ಮಾಡಿಕೊಂಡು, ನಾಲ್ಕನ್ನೂ ಮೇಣಬಟ್ಟೆಯಲ್ಲಿ ಸುತ್ತಿಕೊಟ್ಟರು.

ತಾರೀಖು ಸಿಕ್ಕಿತ್ತು; ಹಿಂದಿರುಗಬಹುದಿತ್ತು. ಆದರೆ ಪಾದ್ರಿ ಇದ್ದರೇ, ಮಣ್ಣು ಕೊಟ್ಟರೇ ಎಂದು ಅಮ್ಮ ಕೇಳದೆ ಬಿಡುವವಳಲ್ಲ. ಜವರಯ್ಯ ಇನ್ನೂ ಇದ್ದಾನೆಂದು ಸೀತಾರಾಮಯ್ಯನವರು ಹೇಳಿದ್ದರಿಂದ, ಗುರುವಾರ ನಂಜನಗೂಡಿನ ಗಾಡಿಯಲ್ಲಿ ಕಡಕೊಳಕ್ಕೆ ಹೋದೆ. ಎಂಟು ಹತ್ತು ಮೈಲಿ ಇರಬಹುದು. ಅಂದು ಮಳೆ ನಿಂತಿತ್ತು, ಬಿಸಿಲು ಮಾತ್ರ ಬರಲಿಲ್ಲ. ಸ್ಟೇಷನ್ನಿನ ಹತ್ತಿರ ಆಲದ ಮರದ ಕೆಳಗೆ ಜವರಯ್ಯ ಎತ್ತಿಗೆ ಲಾಳ ಹೊಡೆಯುತ್ತಿದ್ದ. ನಾನು ಯಾರೆಂದು ಹೇಳಿದಾಗ ಸುತ್ತಿಗೆಯನ್ನು ನೆಲಕ್ಕಿಟ್ಟು, ಎತ್ತಿನ ಯಜಮಾನನಿಗೆ, “ತಡ್ಕೊ ಕಣಪ್ಪ, ನಿನ್ ಎತ್ತು ಓಡೋಗಲ್ಲ” ಎಂದ.

“ಅಂತೋಣಪ್ಪನ್ ತಂಗೀರಾ? ಮೊಕ ಅಂಗೇ ಐತೆ. ಈ ಕಸುಬು ಕಲ್ಸಿದ್ದೇ ಅವ್ನು. ಕಲ್ಸೋವಾಗ ಬಯ್ದಿದ್ದೆಷ್ಟು ಅಂತೀರಿ!”

“ಅವನು ಹೋದಾಗ ನೀವು ಹತ್ತಿರ ಇದ್ದಿರಾ?”

“ಇದ್ದೆ ಕಣ್ರವ್ವ. ಕುದ್ರೆಗೆ ನೀರ್ ಕುಡ್ಸಿ ಬಂದಿದ್ದೆ. ಬೆಳಿಗ್ಗೆ ಒಂಬತ್ತು ಗಂಟೆ. ಆಸ್ಪತ್ರೆ ಡೇರೆ ಗಡಿಯಾರ ಕಣ್ಮುಂದೇ ಇತ್ತು. ಪಾದ್ರಿ ಮುಂಚಿನ್ ದಿನ ಸಂಜೇನೇ ಬಂದು ಜಪ ಮಾಡಿ, ಅಣೆಗೆ ಎಣ್ಣೆ ಹಚ್ಚಿದ್ರು. ಮಣ್ ಕೊಟ್ವು. ಮರದ್ ಸಿಲುಬೆ ನೆಟ್ವು. ಆ ಮರಳ್ ಗಾಳೀಲಿ ನಿಂತೈತೋ ಇಲ್ವೋ.”

“ಏನಾದರೂ ಹೇಳಿದನೆ?”

“ತಂಗಿ ಮದ್ವೆ ಈ ತಿಂಗ್ಳು ಅಂತಿದ್ದ. ಯಾವತ್ತು ಅಂತ ಅವನ್ಗೂ ಗೊತ್ತಿರ್ಲಿಲ್ಲ. ಕಾಗ್ದ ಬರ್ಬೇಕು ಬರ್ಬೇಕು ಅಂತಿದ್ದ.”

ಆಮೇಲೆ ಅವನು ಎತ್ತಿನ ಬೆನ್ನು ಸವರಿದ. “ಅವನ್ ಪಾಲಿನ್ ಬೆಲ್ಲ ನಾನ್ ತಿಂದ್ಬುಟ್ಟೆ ಕಣವ್ವ. ಆಗ ಅಸಿವು. ನಿಮ್ಗೆ ಏಳ್ಬೇಕು ಅನ್ನುಸ್ತು, ಏಳ್ದೆ” ಎಂದ. “ಒಳ್ಳೆಯದಾಯಿತು, ನೀವೇ ತಿಂದದ್ದು” ಎಂದೆ. ಅವನು ಕಣ್ಣೊರೆಸಿಕೊಂಡು, ಎಳನೀರು ತರಿಸಿ, ಗಾಡಿ ಬರುವವರೆಗೂ ಪ್ಲಾಟ್‌ಫಾರಂ ಮೇಲೆ ನಿಂತಿದ್ದ.

ಶುಕ್ರವಾರ ಬೆಂಗಳೂರಿಗೆ ಹಿಂದಿರುಗಿದೆ. ದಾರಿಯುದ್ದಕ್ಕೂ ಅಮ್ಮನಿಗೆ ಹೇಗೆ ಹೇಳಲಿ ಎಂಬುದೊಂದೇ ಯೋಚನೆ. ಬೇರೆ ಯಾವುದಾದರೂ ದಿನ ಹೇಳಿಬಿಡೋಣವೆಂದೂ ಅನ್ನಿಸಿತು. ಆದರೆ ಅಣ್ಣನಿಗೆ ಸುಳ್ಳು ದಿನ ಕೊಡುವ ಧೈರ್ಯ ನನಗೆ ಬರಲಿಲ್ಲ. ಸ್ಟೇಷನ್ನಿನಲ್ಲಿ ಯಜಮಾನರಿಗೆ ಹೇಳಿದೆ. ಅವರು ಕೊಡೆ ಬಿಚ್ಚುತ್ತಿದ್ದವರು ನಿಂತು, “ಅಮ್ಮನಿಗೆ ನಿಜವನ್ನೇ ಹೇಳು” ಎಂದರು.

ಅಮ್ಮ ಹಾಸಿಗೆಯಲ್ಲಿ ಜಪಸರ ಹಿಡಿದು ಕೂತಿದ್ದಳು. ಕಟ್ಟು ಬಿಚ್ಚಿ ಕಾಗದಗಳನ್ನು ಎಣಿಸಿ, ದಿಂಬಿನ ಕೆಳಗೆ ಸೇರಿಸಿದ ಮೇಲೆ, “ಸಿಕ್ತಾ?” ಎಂದಳು.

ಪಾದ್ರಿ ಬಂದದ್ದು, ಮಣ್ಣು ಕೊಟ್ಟದ್ದು ಮೊದಲು ಹೇಳಿದೆ. ಆಮೇಲೆ ದಿನ ಹೇಳಿದೆ. ಅಮ್ಮ ನನ್ನ ಮುಖವನ್ನೂ, ಬಾಗಿಲಲ್ಲಿ ನಿಂತಿದ್ದ ಅಳಿಯನ ಮುಖವನ್ನೂ ನೋಡಿದಳು.

“ಎಷ್ಟು ಹೊತ್ತಿಗೆ?”

“ಬೆಳಿಗ್ಗೆ ಒಂಬತ್ತಕ್ಕೆ.”

ಅವಳು ಬಹಳ ಹೊತ್ತು ಜಪಸರದ ಮಣಿಯೊಂದನ್ನು ಉಜ್ಜುತ್ತಿದ್ದಳು. “ಒಂಬತ್ತಕ್ಕೆ ನೀವಿಬ್ಬರೂ ಪೀಠದ ಮುಂದೆ ಇದ್ದಿರಿ. ಗಂಟೆ ಬಾರಿಸಿದರು, ಎಲ್ಲ ಮೊಣಕಾಲೂರಿದೆವು. ನಾನು ಕಣ್ಣು ಮುಚ್ಚಿ ಅವನಿಗೋಸ್ಕರ ಬೇಡಿಕೊಳ್ತಾ ಇದ್ದೆ ಕಣೇ, ನನಗೆ ಚೆನ್ನಾಗಿ ನೆನಪಿದೆ. ಅವನು ಒಬ್ಬನೇ ಹೋಗಲಿಲ್ಲ ಹಾಗಾದರೆ” ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಭುಜ ಇಳಿದು ಸಡಿಲವಾದದ್ದನ್ನು ಕಂಡೆ.

ನಾನು ಓದಿದ ಕಾನ್ವೆಂಟಿನಲ್ಲಿ ಮದರ್ ಒಬ್ಬರು ಮೇಜಿನ ಮೇಲೆ ಭೂಗೋಳವಿಟ್ಟು, ದೀಪ ಹಿಡಿದು, ಪಶ್ಚಿಮದ ಸೀಮೆಗಳಲ್ಲಿ ಹೊತ್ತು ಹೇಗೆ ನಮಗಿಂತ ಹಿಂದೆ ನಡೆಯುತ್ತದೆ ಎಂದು ಕಲಿಸಿದ್ದರು. ಅಲ್ಲಿ ಒಂಬತ್ತಾದಾಗ ಇಲ್ಲಿ ಮಧ್ಯಾಹ್ನ ಹನ್ನೆರಡು ದಾಟಿರುತ್ತದೆ. ಅಂದು ಅಣ್ಣ ಹೋಗುವಾಗ ನಮ್ಮ ಮದುವೆಯ ಪೂಜೆ ಮುಗಿದು ಎಷ್ಟೋ ಹೊತ್ತಾಗಿತ್ತು. ಚಪ್ಪರದಲ್ಲಿ ಬ್ಯಾಂಡು ಬಾರಿಸುತ್ತಿತ್ತು, ಎರಡನೆಯ ಪಂಕ್ತಿ ಕೂತಿತ್ತು. ಅಮ್ಮ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀಗರ ಯಾವುದೋ ಮಾತಿಗೆ ಜೋರಾಗಿ ನಗುತ್ತಿದ್ದಳು.

“ಹೌದಮ್ಮ” ಎಂದೆ.

“ಪೂಜೆ ಒಂಬತ್ತಕ್ಕೇ ಇರಲಿ” ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಚರ್ಚಿನ ಪಾದ್ರಿಗಳನ್ನು ಕಂಡು, ನಮ್ಮ ಮದುವೆಯ ದಿನಕ್ಕೆ, ಒಂಬತ್ತು ಗಂಟೆಯ ಪೂಜೆಗೆ ಅಣ್ಣನ ಹೆಸರು ಬರೆಸಿ ಬಂದೆ.