ಗುಡಿಸಿದ ದಿಬ್ಬದ ಮೇಲೆ ಅಮರಮ್ಮ

ಕಣ್ಣು ಮಂಜಾಗುತ್ತಿದೆಯೇ? ಮೂರು ದಿನದಿಂದ ಅಮರಮ್ಮನ ಎದೆಯಲ್ಲಿ ಇದೇ ಪುಕುಪುಕು. ನಿನ್ನೆ ಆಡಿನ ಹಿಕ್ಕೆಯನ್ನು ಮಣಿಯೆಂದು ಎತ್ತಿಕೊಂಡದ್ದನ್ನು ಅವರು ಯಾರಿಗೂ ಹೇಳಿಲ್ಲ. ಸದ್ದಿಲ್ಲದೆ ಬಿಸಾಕಿ, ಸೆರಗಿಗೆ ಕೈ ಒರೆಸಿಕೊಂಡಿದ್ದಾರೆ.

ಈಗಷ್ಟೇ ಬೆಳಕು ಹರಿಯುತ್ತಿದೆ. ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ರಸ್ತೆ ಅಗಲವಾಗಲಿದೆ. ಬುಲ್ಡೋಜರ್ ಬರುವ ಮೊದಲು, ಪಕ್ಕದ ಹೊಲಗಳಲ್ಲಿ ಹಳೆಯ ಕಾಲದ ಜನ ಬದುಕಿದ ಗುರುತುಂಟೇ ಎಂದು ನೋಡಬೇಕು. ನೋಡುವವರು ಅಧಿಕಾರಿಗಳು ಎಂದು ಕಾಗದ ಹೇಳುತ್ತದೆ. ಎರೆಮಣ್ಣಿನ ಮೇಲೆ ಬಗ್ಗಿ ನಡೆಯುವವರು ಸಂತೆಕಲ್ಲೂರಿನ ಅಮರಮ್ಮ.

ಎಂಬತ್ತಮೂರನೇ ಇಸವಿಯಿಂದ ಹನ್ನೊಂದು ವರ್ಷ ಇದೇ ಕೆಲಸ. ದಿನಕ್ಕೆ ನಾಲ್ಕು ಮೈಲಿ, ನಲವತ್ತು ಚೀಲ. ಹೊಲವನ್ನು ಹಗ್ಗ ಹಿಡಿದು ಚೌಕ ಮಾಡುತ್ತಾರೆ. ಮಡಕೆಯ ಚೂರು ಯಾವ ಚೌಕದಲ್ಲಿ ಸಿಕ್ಕಿತೋ ಆ ಚೌಕದ ಚೀಲಕ್ಕೇ ಹೋಗಬೇಕು.

"ಎಲ್ಲಿ ಬಿದ್ದಿತ್ತು ಅನ್ನೋದ ಮುಖ್ಯ ರೀ. ಜಾಗ ತಪ್ಪಿದ್ರ ಅದು ಬರೇ ಒಡಕ ಗಡಿಗಿ ಚೂರು," ಎನ್ನುತ್ತಾರೆ.

ಮೊಣಕಾಲು ಹಿಡಿದುಕೊಂಡಿದೆ. ವರದಿಯಲ್ಲಿ ಅವರ ಹೆಸರಿಲ್ಲ. ಅಧಿಕಾರಿಗೆ ಎದುರಾಡಿದ ಜೊತೆಗಾರ್ತಿ ಲಾಲ್‌ಬೀಯನ್ನು ಹೋದ ವರ್ಷದಿಂದ ಕೆಲಸಕ್ಕೆ ಕರೆದಿಲ್ಲ. ಹಾಗಾಗಿ ಅಮರಮ್ಮ ಬಾಯಿ ಬಿಡುವುದಿಲ್ಲ.

ಇಂದಿನ ದಿಬ್ಬದ ಮೇಲೆ ಅವರಿಗೆ ಭಾರಿ ಆಸೆ. ಅಂಚಿನಲ್ಲಿ, ಹಳೆಯ ಜನ ಒಲೆ ಹೂಡಿದ ಗುರುತಾದ ಬೂದಿಮಣ್ಣು ಕಂಡಿತ್ತು. ನಡುವಿನ ಚೌಕಗಳಲ್ಲಿ ಚೂರು ಒತ್ತಾಗಿ ಸಿಕ್ಕರೆ ರಸ್ತೆ ನೂರು ಹೆಜ್ಜೆ ಸರಿಯುತ್ತದೆ. ಇಲ್ಲದಿದ್ದರೆ ದಿಬ್ಬದ ಮೇಲೆಯೇ ಹಾಯುತ್ತದೆ.

ಹೋಗಿ ನೋಡಿದರೆ ದಿಬ್ಬವನ್ನು ಅಂಗಳದ ಹಾಗೆ ಗುಡಿಸಿಟ್ಟಿದ್ದಾರೆ. ಬೇವಿನ ಬುಡದಲ್ಲಿ ಚೂರುಗಳ ರಾಶಿ, ಇನ್ನೂ ನೀರು ಆರಿಲ್ಲ. ಹೊಲದ ಯಜಮಾನ ದೊಡ್ಡಬಸಪ್ಪ ಕೈಮುಗಿದು ನಿಂತಿದ್ದಾರೆ.

"ಸಾಹೇಬ್ರು ಬರ್ತಾರಂತ ನಿನ್ನಿ ಹತ್ತು ಆಳು ಹಚ್ಚಿ ಕಸಾ ಹೊಡಿಸೀನ್ರಿ. ಒಂದು ಚೂರೂ ಬಿಟ್ಟಿಲ್ಲ."

"ತೊಳದೂ ಇಟ್ಟೀರಿ," ಎನ್ನುತ್ತಾರೆ ಜೊತೆಯ ಕೆಲಸಗಾರ್ತಿ ಯಮನೂರಮ್ಮ, ಹಣೆ ಚಚ್ಚಿಕೊಂಡು. "ಅರಿಶಿಣ ಕುಂಕುಮ ಹಚ್ಚೋದೊಂದು ಉಳದೈತಿ ನೋಡ್ರಿ, ಯಜಮಾನ್ರ."

ಯಾವ ಚೂರು ಎಲ್ಲಿತ್ತು ಎಂದು ಆಳುಗಳನ್ನು ಕೇಳಿದರೆ ಒಬ್ಬಳು ಮೂಡಣಕ್ಕೆ, ಇನ್ನೊಬ್ಬಳು ಪಡುವಣಕ್ಕೆ ಕೈ ತೋರುತ್ತಾಳೆ. ರಸ್ತೆಯಲ್ಲಿ ಗುತ್ತೇದಾರರ ಜೀಪು ಎರಡು ಸಲ ಹಾರ್ನ್ ಹೊಡೆಯುತ್ತದೆ. ಸಮೀಕ್ಷೆಗೆ ಇದೇ ಕೊನೆಯ ದಿನ. ಜೊತೆಗೆ ಬಂದಿರುವ ಅಧಿಕಾರಿ ಗಡಿಯಾರ ನೋಡಿಕೊಂಡು, ಚೀಲಗಳ ಕಟ್ಟನ್ನು ಅಮರಮ್ಮನ ಮುಂದೆ ಹಾಕುತ್ತಾರೆ.

"ಈ ರಾಶೀನೇ ಚೀಲಗಳಿಗೆ ಹಂಚಿಬಿಡು. ನಡುವಿನ ಚೌಕಗಳಿಗೆ ಜಾಸ್ತಿ ಹಾಕು. ದಿಬ್ಬ ಉಳೀಬೇಕು ಅಂತ ನಿನಗೂ ಇದೆಯಲ್ಲ?"

ಇದೆ. ಅದಕ್ಕೇ ಅಮರಮ್ಮ ರಾಶಿಯ ಮುಂದೆ ಕೂರುತ್ತಾರೆ. ಒಂದು ಕಪ್ಪು ಚೂರು ಕೈಗೆತ್ತಿಕೊಳ್ಳುತ್ತಾರೆ, ಚೀಲದ ಬಾಯಿ ಅಗಲಿಸುತ್ತಾರೆ. ಯಮನೂರಮ್ಮ ಬೇರೆಡೆ ನೋಡುತ್ತಾರೆ. ಜೀಪು ಮತ್ತೆ ಕೂಗುತ್ತದೆ. ಅಮರಮ್ಮ ಚೂರನ್ನು ತಿರುಗಿ ರಾಶಿಯ ಮೇಲಿಟ್ಟು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅಧಿಕಾರಿಯ ಮುಖ ನೋಡಿ ಮಾತಾಡುತ್ತಾರೆ.

"ಇವು ಎಲ್ಲಿ ಬಿದ್ದಿದ್ವೋ ನನಗ ಗೊತ್ತಿಲ್ರಿ."