ಕನಸಿನಲ್ಲಿ ತಿಂದ ಬಟರ್ ನಾನ್

ಡೈರಿಗೆ ಹಾಲು ಹಾಕಿ ಬಂದು, ಹೊಂಗೆ ಮರದ ಕೆಳಗಿನ ಚಪ್ಪಡಿ ಮೇಲೆ ಒರಗಿದರೆ ಸಾಕು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮುಚ್ಚಿದ ಕಣ್ಣೊಳಗೆ ಬಂಗಾರಪೇಟೆ ಸ್ಟೇಷನ್ ಹತ್ತಿರದ ಹೋಟೆಲು. ತಂದೂರಿ ಒಲೆಯ ಗೋಡೆಗೆ ಅಂಟಿಕೊಂಡ ನಾನ್ ಮೆಲ್ಲಗೆ ಉಬ್ಬುತ್ತದೆ, ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಮೇಲೆ ಬೆಣ್ಣೆ ಜಾರುತ್ತದೆ. ಒಂದನ್ನು ತಿಂದು ಇನ್ನೊಂದಕ್ಕೆ ಕೈ ಚಾಚುತ್ತೇನೆ, ತಟ್ಟೆ ಹೊಗೆಯಲ್ಲಿ ತೇಲಿಕೊಂಡು ದೂರ ಹೋಗುತ್ತದೆ. ಅಯ್ಯೋ, ಎಂಥಾ ಸುಖ ಅದು!

ಸಕ್ಕರೆ ಕಾಯಿಲೆ ಬಂದ ಮೇಲೆ ಅದು ನನಗೆ ಕನಸಿಗಷ್ಟೇ ಆಯಿತು. ಮೈದಾ, ಬೆಣ್ಣೆ ಎರಡೂ ಬೇಡ ಅಂದಿದ್ದರು ಡಾಕ್ಟರು. "ನಮ್ ಹೊಲದ ರಾಗಿ ಇರೋವಾಗ ಆ ಮೈದಾ ಯಾಕಯ್ಯಾ? ರಾಗಿ ತಿಂದೋನು ನಿರೋಗಿ," ಅಂದಳು ಹೆಂಡತಿ. ಈರುಳ್ಳಿ, ಸಬ್ಬಸಿಗೆ ಸೊಪ್ಪು ಕಲಸಿ, ಬಾಂಡ್ಲಿಯಲ್ಲೇ ತಟ್ಟಿ, ಬಿಸಿ ಬಿಸಿ ರೊಟ್ಟಿ ಹಾಕುವಳು. ರಾಗಿ ತಾನೇ, ಏನೂ ಆಗಲ್ಲ ಅಂತ ನಾಲ್ಕು ಹಾಕಿದರೆ ನಾಲ್ಕು, ಐದು ಹಾಕಿದರೆ ಐದು, ನಾನೂ ಇಳಿಸಿದೆ.

ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇನ್ನೂ ಏರಿತ್ತು.

"ಬಂಗಾರಪೇಟೆಗೆ ಓಗಿ ಕದ್ದು ತಿಂತಿದ್ದೀಯ," ಅಂದಳು.

"ಇಲ್ಲ ಕಣೇ, ನಿನ್ನಾಣೆ!"

"ಆಣೆ ಬೇರೆ ಇಕ್ತೀಯಾ? ಇನ್ನೊಂದು ಬಟರ್ ನಾನ್ ಕೊಡಪ್ಪ ಅಂತ ನಿದ್ದೇಲಿ ಬಡಬಡಿಸ್ತೀಯಲ್ಲ, ಕಿವಿಯಾರೆ ಕೇಳಿದ್ದೀನಿ."

ಕನಸಲ್ಲಿ ತಿಂದದ್ದಕ್ಕೂ ಲೆಕ್ಕ ಕೊಡಬೇಕೇನ್ರೀ? ಅವಳು ಮಾತು ಬಿಟ್ಟಳು. ಕಾಯಿಲೆಗಿಂತ ಅದೇ ನನಗೆ ಹೆಚ್ಚು ಸಂಕಟ. ಇವಳೇ ನಂಬಲಿಲ್ಲವಲ್ಲ ಅಂತ ಹಸುವಿನ ಮುಂದೆ ಕೂಡ ಗೊಣಗಿದೆ.

ಕೊನೆಗೆ, ನನ್ನದೇನೂ ತಪ್ಪಿಲ್ಲ ಅಂತ ಗೊತ್ತಾಗಲಿ ಎಂದು ಅವಳನ್ನೂ ಕೆಜಿಎಫ್‌ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಿನಾ ತಿನ್ನುವುದನ್ನೆಲ್ಲ ಹೇಳಿದೆ.

"ರಾಗಿ ಒಳ್ಳೇದೇ. ನಾರಿದೆ, ಸುಣ್ಣದಂಶ ಇದೆ," ಅಂದರು ಡಾಕ್ಟರು. "ಆದ್ರೆ ಅದೂ ಹಿಟ್ಟೇ ಅಲ್ವಾ? ಇಷ್ಟೊಂದು ತಿಂದ್ರೆ ಸಕ್ಕರೆ ಏರದೆ ಇರುತ್ತಾ? ಒಂದು ರೊಟ್ಟಿ ಸಾಕು. ಸೊಪ್ಪು, ಕಾಳು ಜಾಸ್ತಿ ತಿನ್ನಿ."

ಗೆದ್ದೆ ಅಂದುಕೊಂಡು ಅವಳ ಕಡೆ ತಿರುಗಿದೆ. ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡು ಕೂತಿದ್ದಳು. ವಾಪಸ್ಸು ಬರುವಾಗ ಬಸ್ಸು ಕೋರಮಂಡಲ್ ದಾಟಿತು. ಕಿಟಕಿಯಾಚೆ ಬಿಸಿಲು ಜೋಂಪು ಹತ್ತಿದ ಹಾಗೆ ಮಲಗಿತ್ತು. ಆಮೇಲೆ ಮೆಲ್ಲಗೆ, "ನನ್ ಕೈಯಾರೆ ನಾನೇ ಇಕ್ಕಿದ್ದು," ಅಂದಳು. ಕಣ್ಣು ತುಂಬಿತ್ತು. ಗೆದ್ದ ಖುಷಿ ಅಲ್ಲೇ ಇಂಗಿಹೋಯಿತು.

"ಇಲ್ಲ ಕಣೇ," ಅಂದೆ. "ಡಾಕ್ಟ್ರಿಗೆ ನಿಜ ಹೇಳಿಲ್ಲ. ಬಂಗಾರಪೇಟೆಗೆ ಓದಾಗಲೆಲ್ಲ ಬಟರ್ ನಾನ್ ತಿಂದಿದ್ದೀನಿ. ಬೆಣ್ಣೆ ಜಾಸ್ತಿ ಹಾಕಿಸ್ಕೊಂಡು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಗೊತ್ತಿತ್ತು ಕಣಯ್ಯಾ, ನಾಚ್ಕೆಗೆಟ್ಟೋನೆ!" ಅಂತ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಬೈಯತೊಡಗಿದಳು. ನಮ್ಮೂರು ಕ್ಯಾಸಂಬಳ್ಳಿ ಬರುವವರೆಗೂ ಬೈಸಿಕೊಂಡೆ. ಹಾಯಾಗಿತ್ತು.