ಮಾಲ್ದೀವ್ಸ್‌ನ ಖಾಲಿ ದ್ವೀಪದಲ್ಲಿ ಕೇಳಿದ ಕನ್ನಡ

ಕಳೆದ ಗುರುವಾರ ಆಳಂದದ ಒಂದು ಕಾಲೇಜಿನಲ್ಲಿ, ಕೈಯಲ್ಲಿ ಮೈಕ್ ಹಿಡಿದುಕೊಂಡೇ, ನಾನೊಂದು ಸುಳ್ಳು ಹೇಳಿದೆ.

ಉದ್ದದ ಸುಳ್ಳೇನಲ್ಲ. ಎರಡೇ ಶಬ್ದ. ಆದರೆ ಎರಡನೇ ಸಾಲಿನಲ್ಲಿ ನನ್ನ ಹೆಂಡತಿ ಶರಣಮ್ಮ ಕೂತಿದ್ದಳು.

ಕಾಲೇಜಿನವರು ನನ್ನನ್ನು ಕರೆದದ್ದು ಮಾಲ್ದೀವ್ಸ್ ಬಗ್ಗೆ ಮಾತಾಡಲಿಕ್ಕೆ. ಅಲ್ಲಿನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ಎರಡು ವರ್ಷ ಗಣಿತ ಕಲಿಸಿ ಬಂದವನು ನಾನು. ಫೋಟೊ ತೋರಿಸಿದೆ, ಕಥೆ ಹೇಳಿದೆ, ಚಪ್ಪಾಳೆ ಬಿತ್ತು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಅಲ್ಲಿ ದೆವ್ವ ಅವೇನ್ರಿ?’ ಎಂದಳು. ಹಾಲ್‌ಗೆ ಹಾಲೇ ನಕ್ಕಿತು.

ನಾನೂ ನಕ್ಕೆ. ‘ನಮ್ಮ ಮನೆಯವರಿಗೆ ಒಮ್ಮೆ ಏನೋ ಕೇಳಿಸಿತ್ತಂತೆ. ನನಗೇನೂ ಕೇಳಿಸಲಿಲ್ಲ’ ಎಂದೆ.

ಇನ್ನಷ್ಟು ನಗು. ಶರಣಮ್ಮ ಮಾತ್ರ ನಗಲಿಲ್ಲ.

ಅಲ್ಲಿ ನಡೆದದ್ದನ್ನು ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಮಾಲ್ದೀವ್ಸ್ ಎಂದರೆ ನಿಮ್ಮ ಕಣ್ಣಿಗೆ ಬರುವುದು ನೀರಿನ ಮೇಲಿನ ಕಾಟೇಜು, ಹನಿಮೂನ್ ಜೋಡಿ. ನಾವಿದ್ದದ್ದು ಅದಲ್ಲ. ಊರಿನ ಈ ತುದಿಯಿಂದ ಆ ತುದಿಗೆ ನಡೆದರೆ ಕಾಲು ಗಂಟೆ. ಅಲ್ಲಿಗೆ ನೆಲ ಮುಗಿಯಿತು. ಭೀಮಾ ನದಿಯ ಸೀಮೆಯ ಗೊಬ್ಬೂರಿನವನಾದ ನನಗೆ ಮೊದಲು ಹೊಳೆದದ್ದೇ ಇದು: ಇಲ್ಲಿ ಹೊಳೆ ಇಲ್ಲ. ಗುಡ್ಡ ಇಲ್ಲ. ಎತ್ತಿಲ್ಲ. ನಾಯಿ ಕೂಡ ಇಲ್ಲ! (ಆ ದೇಶದಲ್ಲಿ ನಾಯಿ ಸಾಕುವಂತಿಲ್ಲ.) ಸಂಜೆ ಒಂದು ನಾಯಿಯೂ ಬೊಗಳದ ಊರು ಹೇಗಿರುತ್ತದೆ ಗೊತ್ತೆ? ಯಾರೋ ಉಸಿರು ಹಿಡಿದು ಕೂತ ಹಾಗಿರುತ್ತದೆ.

ಬೆಳಗಾದರೆ ಹೆಂಗಸರೆಲ್ಲ ಕಸಬರಿಗೆ ಹಿಡಿದು ಬೀದಿಯ ಬಿಳಿ ಮರಳನ್ನು ಗುಡಿಸುತ್ತಿದ್ದರು. ಮನೆ ಮುಂದೆ ಹಗ್ಗದ ಬಲೆಯ ಕುರ್ಚಿಗಳು. ಅವುಗಳ ಹೆಸರು ಜೋಲಿ. (ನಮ್ಮ ಕೂಸುಗಳು ಮಲಗುವುದೂ ಜೋಲಿಯಲ್ಲೇ ಅಲ್ಲವೆ?) ಅದರಲ್ಲಿ ಕೂತು ಅಡಿಕೆಗೆ ಲವಂಗ ಸೇರಿಸಿ ಮೆಲ್ಲುತ್ತ ಹರಟೆ. ಬಲದಿಂದ ಎಡಕ್ಕೆ ಬರೆಯುವ ಲಿಪಿ. ಮೂರು ಹೊತ್ತೂ ಮೀನು, ತೆಂಗು. ಮೀನು ಮುಟ್ಟದ ಜೇವರ್ಗಿಯ ಲಿಂಗಾಯತ ಹೆಣ್ಣುಮಗಳು ಶರಣಮ್ಮ ಮೊದಲ ತಿಂಗಳು ಅನ್ನ, ತೆಂಗಿನಕಾಯಿ, ಊರಿಂದ ಒಯ್ದ ಶೇಂಗಾ ಚಟ್ನಿಯಲ್ಲೇ ದಿನ ದೂಡಿದಳು.

ಅವಳನ್ನು ಉಳಿಸಿದ್ದು ಮನೆ ಮಾಲಕಿ ಹವ್ವಾ. ಐವತ್ತರ ಹೆಂಗಸು. ಅಲ್ಲಿ ಅಕ್ಕನಿಗೆ ದತ್ತಾ ಅನ್ನುತ್ತಾರೆ. ಅದು ಗೊತ್ತಾದ ದಿನ ಶರಣಮ್ಮ, ‘ಗಾಣಗಾಪುರದ ದತ್ತ ಇಲ್ಲೂ ಬಂದಾನ್ರಿ!’ ಎಂದು ಕುಣಿದಾಡಿದ್ದಳು. ಹವ್ವಾ ದತ್ತಾಗೆ ಸಿನಿಮಾ ನೋಡಿ ಕಲಿತ ಹಿಂದಿ. ಇವಳಿಗೆ ಜೇವರ್ಗಿಯ ಸಂತೆಯಲ್ಲಿ ಕಲಿತ ದಖನಿ ಉರ್ದು. ಅಷ್ಟು ಸಾಕಾಯಿತು.

ಹವ್ವಾ ಒಂದು ಮಾತು ಮಾತ್ರ ಪದೇ ಪದೇ ಹೇಳುತ್ತಿದ್ದಳು. ‘ಉರಿ ಮಧ್ಯಾಹ್ನ ನೀರಿನ ಕಡೆಯಿಂದ ಯಾರಾದರೂ ಕರೆದರೆ ಓಗೊಡಬೇಡಿ. ಗುರುತಿನ ದನಿಯಾದರಂತೂ ತಿರುಗಿಯೂ ನೋಡಬೇಡಿ.’

‘ನಮ್ಮ ಕಡೀಗೂ ಹಿಂಗೇ ಅಂತಾರಲ್ರಿ’ ಎಂದಳು ಶರಣಮ್ಮ.

‘ಎಲ್ಲಾ ಕಡೀಗೂ ಹುಚ್ಚರು ಇರ್ತಾರ’ ಎಂದೆ. ಗಣಿತದ ಮೇಷ್ಟ್ರು ನೋಡಿ ನಾನು!

ಎರಡನೇ ವರ್ಷ, ಶಾಲೆಯ ಮಕ್ಕಳನ್ನು ದೋಣಿಯಲ್ಲಿ ಪಕ್ಕದ ದ್ವೀಪಕ್ಕೆ ಪಿಕ್ನಿಕ್ ಕರೆದೊಯ್ದೆವು. ಅಲ್ಲಿ ಯಾರೂ ಇಲ್ಲ. ಹಿಂದೆ ಊರಿತ್ತಂತೆ, ಜನ ಒಬ್ಬೊಬ್ಬರಾಗಿ ದೊಡ್ಡ ದ್ವೀಪಗಳಿಗೆ ಹೊರಟುಹೋದರಂತೆ. ಹವಳದ ಕಲ್ಲಿನ ಮೊಂಡು ಗೋಡೆಗಳು, ಮರಳು ತುಂಬಿದ ಬಾವಿ, ಒಂದು ಗೋರಿಸ್ಥಾನ. ಗೋರಿಕಲ್ಲಿನ ತಲೆ ಚೂಪಾಗಿದ್ದರೆ ಗಂಡಸು, ಗುಂಡಗಿದ್ದರೆ ಹೆಂಗಸು ಎಂದು ಹವ್ವಾ ತೋರಿಸಿದಳು. ಊಟದ ಪಾತ್ರೆಗಳ ಜೊತೆ ಅವಳೂ ಶರಣಮ್ಮನೂ ಬಂದಿದ್ದರು.

ಮಕ್ಕಳು ಉಳಿದ ಮೇಷ್ಟ್ರುಗಳ ಜೊತೆ ದ್ವೀಪದ ಆಚೆ ಬದಿಗಿದ್ದರು. ಈಚೆ ನಾವು ಮೂವರೇ. ನೆತ್ತಿಯ ಮೇಲೆ ಸೂರ್ಯ. ಕಾಲಡಿಯಲ್ಲೂ ನೆರಳಿಲ್ಲ. ಗಾಳಿ ನಿಂತಿತು. ತೆಂಗಿನ ಗರಿಗಳ ಸದ್ದು ನಿಂತಿತು. ತೆರೆಯ ಸದ್ದೂ ನಿಂತಂತಾಯಿತು. (ತೆರೆ ಎಲ್ಲಾದರೂ ನಿಲ್ಲುತ್ತದೆಯೆ?)

ಶರಣಮ್ಮ ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ತಟ್ಟನೆ ತಲೆ ಎತ್ತಿದಳು.

‘ಅವ್ವ ಕರಿಯಾಕತ್ತಾಳ್ರಿ.’

ಅವಳ ತಾಯಿ ತೀರಿಕೊಂಡು ಆಗಲೇ ನಾಲ್ಕು ವರ್ಷ.

‘ಶರಣೀ, ಬಾ ಬೇ ಅನ್ನಾಕತ್ತಾಳ. ನಿಮಗ ಕೇಳಸಲಿಲ್ಲೇನ್ರಿ?’

‘ಇಲ್ಲ. ಏನೂ ಇಲ್ಲ’ ಎಂದೆ.

ಅವಳು ನೀರಿನ ಕಡೆಗೆ ನಡೆದಳು. ಅವಸರವಿಲ್ಲ. ತವರಿನ ಅಂಗಳದಲ್ಲಿ ನಡೆದಂತೆ. ಮೊಣಕಾಲಿಗೆ ನೀರು ಬಂತು, ಸೊಂಟಕ್ಕೆ ಬಂತು. ಅಲ್ಲಿ ಕಡಲು ತಿಳಿ ಹಸಿರಾಗಿ ಒಂದಷ್ಟು ದೂರ ಆಳವಿಲ್ಲದೆ ಹೋಗಿ, ಗೆರೆ ಎಳೆದಂತೆ ಕಡು ನೀಲಿಯಾಗುತ್ತದೆ. ಗೆರೆಯಾಚೆ ತಳವಿಲ್ಲ. ಗೆರೆ ಹತ್ತು ಹೆಜ್ಜೆ ದೂರದಲ್ಲಿತ್ತು. ಅವಳಿಗೆ ಈಜು ಬರುವುದಿಲ್ಲ.

ನಾನು ನಿಂತೇ ಇದ್ದೆ. (ಯಾಕೆ ನಿಂತಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ.)

ಓಡಿದವಳು ಹವ್ವಾ. ಪಾತ್ರೆ ಎಸೆದು, ನೀರು ಸೀಳಿಕೊಂಡು ಹೋಗಿ, ಹಿಂದಿನಿಂದ ಜಡೆ ಹಿಡಿದು ಜಗ್ಗಿದಳು. ಹೆಸರು ಕೂಗಲಿಲ್ಲ. ಹೆಸರು ಬಿಟ್ಟು ಬೇರೆ ಏನೇನೋ ಬೈಯುತ್ತ ದಂಡೆಗೆ ಎಳೆದು ತಂದಳು. ಮರಳಿನ ಮೇಲೆ ಕೂತ ಶರಣಮ್ಮನಿಗೆ ತಾನು ಯಾಕೆ ಒದ್ದೆಯಾಗಿದ್ದೇನೆ ಎಂದೇ ತಿಳಿಯಲಿಲ್ಲ.

ಆಮೇಲೆ ನಾಲ್ಕು ದಿನ ಜ್ವರ. ಡಾಕ್ಟರಿಗೆ ನಾನು ಹೇಳಿದ್ದು: ‘ಬಿಸಿಲು, ಊರಿನ ಚಿಂತೆ. ನಾನು ಅಲ್ಲೇ ಇದ್ದೆ, ಏನೂ ಇರಲಿಲ್ಲ.’ ಫೋನಿನಲ್ಲಿ ನನ್ನ ಅವ್ವನಿಗೆ ಹೇಳಿದ್ದೂ ಅದೇ. ಗೊಬ್ಬೂರು ಮುಟ್ಟುವಷ್ಟರಲ್ಲಿ ಆ ಮಾತಿನ ಬಣ್ಣ ಬದಲಾಗಿತ್ತು. ಗಂಡನಿಗೆ ಕೇಳಿಸಿಲ್ಲ, ಹೆಂಡತಿಗೆ ಕೇಳಿಸಿದೆ. ಅಂದರೆ ಏನು? ಅವಳಿಗೆ ಗಾಳಿ ಸೋಕಿದೆ.

ನಾವು ಊರಿಗೆ ಮರಳಿದ ವಾರದಲ್ಲೇ ಅವ್ವ ಅವಳನ್ನು ಗಾಣಗಾಪುರಕ್ಕೆ ಕರೆದೊಯ್ದಳು. ಗಾಳಿ ಸೋಕಿದವರನ್ನು ನಮ್ಮ ಕಡೆ ಅಲ್ಲಿಗೇ ಕರೆದೊಯ್ಯುವುದು. ಹನ್ನೊಂದು ದಿನ ಸೇವೆ. ದಿನಾ ಸಂಗಮದಲ್ಲಿ ಸ್ನಾನ, ಒದ್ದೆ ಸೀರೆಯಲ್ಲೇ ಪ್ರದಕ್ಷಿಣೆ. ಕೂದಲು ಬಿಚ್ಚಿ ಕಂಬ ಹಿಡಿದು ಚೀರುವ ಹೆಂಗಸರ ನಡುವೆ ಇವಳು ಸುಮ್ಮನೆ ಕೂತಿರುತ್ತಿದ್ದಳಂತೆ. ಸುಮ್ಮನೆ ಕೂತದ್ದಕ್ಕೂ ಹೆಸರು ಬಂತು: ‘ಆಕೀ ಮೈಯಾಗಿನ ದೆವ್ವ ಭಾಳ ಗಟ್ಟಿ ಅದ, ಬಾಯಿ ಬಿಡವಲ್ದು.’ ನನ್ನ ತಮ್ಮನ ಮಗುವಿಗೆ ಹೆಸರಿಡುವ ದಿನ ಇವಳು ತೊಟ್ಟಿಲ ಹತ್ತಿರ ಹೋದರೆ, ‘ವೈನೀ, ನೀವು ದೂರ ನಿಂದರ್ರಿ’ ಎಂದರು. ನಿಂತಳು. ನಾನು ಅಲ್ಲೇ ಇದ್ದೆ. ಪೇಡೆ ತಿನ್ನುತ್ತಿದ್ದೆ.

ಇದೆಲ್ಲ ಆಗಿ ಐದು ವರ್ಷ.

ಗುರುವಾರ ಭಾಷಣ ಮುಗಿಸಿ ಅಫಜಲಪುರದ ಬಸ್ ಹತ್ತಿದೆವು. ಕಿಟಕಿಯಾಚೆ ತೊಗರಿ ಹೊಲ. ಮಾದನಹಿಪ್ಪರಗಾ ಕಡೆಯ ಒಬ್ಬ ಮುದುಕಿ ನಮ್ಮ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು.  ಶರಣಮ್ಮ ಹೊರಗೆ ನೋಡುತ್ತಲೇ ಕೇಳಿದಳು.

‘ಆವತ್ತ ನೀವೂ ನೀರಿನ ಕಡೆ ಹೊಳ್ಳಿ ನೋಡಿದ್ರಿ. ಹೌದಲ್ರಿ?’

ನಾನು ಕೈಯಲ್ಲಿದ್ದ ಟಿಕೆಟ್ ಮಡಚತೊಡಗಿದೆ.

‘ನನಗಿಂತ ಮೊದಲ ಹೊಳ್ಳಿದ್ರಿ. ನಾ ನೋಡೇನಿ.’

‘ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ದಿ?’

‘ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಕಾಯ್ಕೋತ ಕುಂತೆ. ಇವತ್ತ ಮೈಕಿನಾಗ ಮತ್ತ ಇಲ್ಲ ಅಂದ್ರಿ.’

 ಊರ ಮಕ್ಕಳಿಗೆ ಗಣಿತ ಹೇಳುವವನು, ಉರಿಬಿಸಿಲಲ್ಲಿ ಭ್ರಮೆಗೆ ಬಿದ್ದೆ ಎಂದರೆ ನಗುತ್ತಾರೆಂಬ ಅಂಜಿಕೆ. ಅಷ್ಟೇ. ಅಷ್ಟಕ್ಕೆ ಅವಳು ಹನ್ನೊಂದು ದಿನ ಒದ್ದೆ ಸೀರೆಯಲ್ಲಿ ಸುತ್ತಿದಳು.

‘ಹೌದು. ನನಗೂ ಕೇಳಿಸ್ತು’ ಎಂದೆ.

‘ನಿಮ್ಮನ್ನ ಯಾರ್ ಕರದ್ರು?’

‘ನೀನು.’

ಈಗ ತಿರುಗಿ ನೋಡಿದಳು.

‘ಏನ್ರೀ, ಇಲ್ಲಿ ಬರ್ರಿ ಅಂತ ನೀರಿನ ಕಡೆಯಿಂದ ಕರದಿ. ನಿನ್ನ ದನಿನೇ. ನಾ ಆ ಕಡೆ ನೋಡ್ದೆ, ಯಾರೂ ಇರಲಿಲ್ಲ. ಈ ಕಡೆ ನೋಡ್ದೆ, ನೀ ಬಾಜೂಕ ನಿಂತಿದ್ದಿ. ನಿನ್ನ ಬಾಯಿ ಮುಚ್ಚಿತ್ತು, ದನಿ ಅಲ್ಲಿಂದ ಬರಾಕತ್ತಿತ್ತು. ನೀ ನೀರಿಗೆ ಇಳದಾಗ ನನ್ನ ಕಾಲು ಏಳಲಿಲ್ಲ. ಯಾರ ಹಿಂದ ಓಡಬೇಕು ಅಂತಾನ ತಿಳೀಲಿಲ್ಲ.’

ಅವಳು ಸೆರಗು ಸರಿಪಡಿಸಿಕೊಂಡಳು. ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: ‘ಹಂಗಾದ್ರ ನೀವು ಮನೀಗೆ ಕರಕೊಂಡು ಬಂದಾಕಿ ಯಾರ್ರಿ?’

ಕೇಳಿ ನಕ್ಕಳು. ಚೇಷ್ಟೆಗೇ ಅಂದದ್ದು, ನನಗೆ ಗೊತ್ತು. ಆದರೂ ಬಸ್ ಅಫಜಲಪುರ ಮುಟ್ಟುವವರೆಗೆ ನಾನು ಅವಳ ಕೈ ಬಿಡಲಿಲ್ಲ. ಬೆಚ್ಚಗಿತ್ತು.

ಕರೆದದ್ದು ಏನು? ಬಿಸಿಲೋ, ಮನಸ್ಸೋ, ಹವ್ವಾ ಹೇಳುವ ಕಡಲೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಇಬ್ಬರು ಕೇಳಿದ್ದನ್ನು ಒಬ್ಬಳ ತಲೆಗೆ ಕಟ್ಟಿದೆ. ಹೆಂಗಸು ಕೇಳಿದರೆ ಗಾಳಿ, ಗಂಡಸು ಕೇಳಿಲ್ಲವೆಂದರೆ ಅದೇ ಸಾಕ್ಷಿ! ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೆ?

ಗೊಬ್ಬೂರಿನ ನಮ್ಮ ಮನೆಗೂ ಈ ಪತ್ರಿಕೆ ಹೋಗುತ್ತದೆ. ಅವ್ವನಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಿ. ಆ ಮಧ್ಯಾಹ್ನ ಮೊದಲು ಕೇಳಿಸಿದ್ದು ನನಗೆ.

ಈಗ ನನ್ನನ್ನೇನು ಮಾಡುತ್ತೀರಿ?